ನಡುಗುವವರ ಹೆಸರು

ನಮ್ಮೂರಿನಲ್ಲಿ ಕುಡಿದವನ ಕೈ ನಡುಗುವುದಿಲ್ಲ. ಅವನ ಮನಸ್ಸಿಗೆ ಯಾರು ಎಲ್ಲರಿಗಿಂತ ಹತ್ತಿರವೋ ಅವರ ಕೈ ನಡುಗುತ್ತದೆ. ಕುಡಿದವನು ಬೆಳಿಗ್ಗೆ ಎದ್ದು ಮುಖ ತೊಳೆದು, ಕನ್ನಡಿಯ ಮುಂದೆ ನಿಂತು ಒಂದು ಗೀರೂ ಬೀಳದಂತೆ ಗಡ್ಡ ಹೆರೆದುಕೊಂಡು ಕೆಲಸಕ್ಕೆ ಹೋಗುತ್ತಾನೆ. ಅಡುಗೆಮನೆಯಲ್ಲಿ ಅವನ ಹೆಂಡತಿಯೋ ತಾಯಿಯೋ ಬೆವರುತ್ತ, ಓಕರಿಸುತ್ತ, ಎರಡು ಕೈಯಲ್ಲಿ ಹಿಡಿದರೂ ನಿಲ್ಲದ ಸೌಟನ್ನೇ ನೋಡುತ್ತ ನಿಂತಿರುತ್ತಾಳೆ. ಕೆಡುವ ಲಿವರ್ ಮಾತ್ರ ಅವನದೇ. ಅದು ಯಾರಿಗೂ ಹೋಗುವುದಿಲ್ಲ.

ಊರು ಇದಕ್ಕೆ ಒಗ್ಗಿಕೊಂಡು ಎಷ್ಟೋ ಕಾಲವಾಗಿದೆ. ಹೋಟೆಲಿನಲ್ಲಿ ಕೈ ನಡುಗುವವರಿಗೆ ಕೇಳದೆಯೇ ಅರ್ಧ ಲೋಟ ಕಾಫಿ ಕೊಡುತ್ತಾರೆ, ಅದು ಮುಗಿದ ಮೇಲೆ ಉಳಿದರ್ಧ ತಂದು ಸುರಿಯುತ್ತಾರೆ. ಬ್ಯಾಂಕಿನಲ್ಲಿ ಅವರ ಸಹಿ ಹೊಂದದಿದ್ದರೆ, ಓದಿದವರಾದರೂ ಸರಿಯೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಶಾಲೆಯಲ್ಲಿ ಅಂಥ ಮಕ್ಕಳಿಗೆ ಬಾಯಿಪರೀಕ್ಷೆ. ಸಂಬಂಧ ನೋಡಲು ಬಂದ ಹೆಣ್ಣಿನ ಕಡೆಯವರು ಹುಡುಗನ ಮುಖ ನೋಡುವುದಿಲ್ಲ. ಅವನ ತಾಯಿ ಕಾಫಿ ತಂದು ಇಡುವಾಗ ತಟ್ಟೆಯನ್ನು ನೋಡುತ್ತಾರೆ.

ನಾನು ಇಲ್ಲಿಯ ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಮಾಲೋಚಕ. ಇಪ್ಪತ್ತೆರಡು ವರ್ಷವಾಯಿತು. ನಾಲ್ಕು ಕೋಣೆ, ಎಂಟು ಮಂಚ. ಮಂಚಗಳು ನಡುಗುವವರಿಗೆ. ಕುಡಿತ ಬಿಟ್ಟ ಮೊದಲ ಏಳು ದಿನ ನಡುಕ ಅತಿ ಹೆಚ್ಚು, ಆಗ ಅವರನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೆಂಗಸರು, ಮುದುಕಿಯರು, ಒಮ್ಮೊಮ್ಮೆ ಮಕ್ಕಳು ಕಂಬಳಿಯೊಳಗೆ ಹಲ್ಲು ಕಡಿಯುತ್ತ ಮಲಗಿರುತ್ತಾರೆ. ಕುಡಿಯುತ್ತಿದ್ದವನು ಪಕ್ಕದ ಸ್ಟೂಲಿನ ಮೇಲೆ ಕೂತು ಮೂಸಂಬಿ ಸುಲಿಯುತ್ತಿರುತ್ತಾನೆ. ಸುಲಿದು ಸುಲಿದು ಇಡುತ್ತಾನೆ, ತಿನ್ನುವವರು ಯಾರೂ ಇರುವುದಿಲ್ಲ. ಆ ಏಳು ದಿನ ಅವನು ಅಲ್ಲಿಂದ ಏಳದ ಹಾಗೆ ನೋಡಿಕೊಳ್ಳುವುದೇ ನನ್ನ ಕೆಲಸದ ದೊಡ್ಡ ಪಾಲು. ಉಳಿದದ್ದು ಕೇಳುವುದು. ಕೇಳಿದ್ದನ್ನು ಕೋಣೆಯಲ್ಲೇ ಬಿಡುವುದು. ಗುರುವಾರ ಮನೆಯವರ ಸಭೆ, ಶನಿವಾರ ಮನೆಮನೆ ಭೇಟಿ. ಬಿಟ್ಟವರು ಮತ್ತೆ ಹಿಡಿಯುತ್ತಾರೆ. ಹೊಸ ಫೈಲಿಗೆ ಹಳೆಯ ನಂಬರನ್ನೇ ಹಾಕಿ ಮತ್ತೆ ಮೊದಲಿನಿಂದ ಶುರು ಮಾಡುತ್ತೇವೆ.

ನಮ್ಮ ಅರ್ಜಿಯ ಮೊದಲ ಸಾಲು, ಕುಡಿಯುವವರ ಹೆಸರು. ಎರಡನೆಯದು, ನಡುಗುವವರ ಹೆಸರು. ಮೊದಲನೆಯದನ್ನು ಜನ ಸಲೀಸಾಗಿ ಹೇಳುತ್ತಾರೆ. ಎರಡನೆಯದರ ಹತ್ತಿರ ಬಂದಾಗ ಕೋಣೆ ಮೌನವಾಗುತ್ತದೆ. ಹೆಂಡತಿ ಎದುರಿಗೆ ಕೂತಿರುವಾಗ ಅವಳಲ್ಲದ ಇನ್ನೊಂದು ಹೆಸರು ಬರೆಸಬೇಕಾಗಿ ಬಂದ ಗಂಡಸರನ್ನು ನೋಡಿದ್ದೇನೆ. ಒಮ್ಮೆ ಅತ್ತೆ ಸೊಸೆ ಇಬ್ಬರೂ ನಡುಗುತ್ತ ಬಂದರು. ಒಬ್ಬನ ಕುಡಿತ ಇಬ್ಬರಿಗೆ ಹೋದದ್ದು ನಾನು ಕಂಡಿಲ್ಲ. ನಮ್ಮ ಕೇಂದ್ರದ ಗುಮಾಸ್ತ ಖಲಂದರ್ ಸಾಹೇಬರು ಇಬ್ಬರ ಕೈಗೂ ನೀರು ತುಂಬಿದ ಲೋಟ ಕೊಟ್ಟು ಎಣಿಸತೊಡಗಿದರು. ನಲವತ್ತಕ್ಕೆ ಅತ್ತೆಯ ಲೋಟ ನಿಂತುಬಿಟ್ಟಿತು. "ಅಮ್ಮಾ, ಮರೆತುಬಿಟ್ರಾ? ಸ್ವಲ್ಪ ಅಲ್ಲಾಡಿಸ್ಕೊಳ್ಳಿ" ಎಂದರು ಸಾಹೇಬರು. ಮುದುಕಿ ಲೋಟ ಕೆಳಗಿಟ್ಟು, ಸೆರಗು ಮುಖಕ್ಕೆ ಹಿಡಿದು ಅತ್ತಿತು.

ಆ ಲೋಟವೇ ನಮ್ಮ ಪರೀಕ್ಷೆ. ಸ್ಟೀಲಿನದು, ಅಂಚಿನವರೆಗೆ ನೀರು. ನಡುಗುವವರು ಅದನ್ನು ಹಿಡಿದು ನೂರು ಎಣಿಸುವವರೆಗೆ ನಿಲ್ಲಬೇಕು. ತಿಂಗಳಿಗೊಂದರಂತೆ ಮೂರು ಸಲ ಒಂದು ಹನಿಯೂ ಚೆಲ್ಲದಿದ್ದರೆ ಫೈಲು ಮುಚ್ಚಿದಂತೆ. ಕುಡಿಯುತ್ತಿದ್ದವನ ಮುಖವನ್ನು ಯಾರೂ ನೋಡುವುದಿಲ್ಲ. ನೋಡುವ ಅಗತ್ಯ ಯಾವತ್ತೂ ಬಿದ್ದಿರಲಿಲ್ಲ.

ತಿಪ್ಪೇಶನ ಫೈಲನ್ನು ನಾನು ಮುಚ್ಚಿದ್ದೂ ಹೀಗೆಯೇ. ತಿಪ್ಪೇಶ ಬೋರ್ಡು ಬರೆಯುವವನು. ಊರಿನ ಅರ್ಧ ಅಂಗಡಿಗಳ ಹೆಸರು ಅವನ ಕೈಬರಹ. ಹದಿನಾಲ್ಕು ವರ್ಷ ಅವನು ಕುಡಿದ, ಅವನ ಹೆಂಡತಿ ಅನಸೂಯ ನಡುಗಿದಳು. ಅವಳು ಸೀರೆಗೆ ಕುಚ್ಚು ಕಟ್ಟುವವಳು. ಮದುವೆಯಾದ ಹೊಸದರಲ್ಲಿ ಇಡೀ ಬೀದಿಯ ಸೆರಗುಗಳು ಅವಳ ಮನೆಗೆ ಬರುತ್ತಿದ್ದವಂತೆ. ಆಮೇಲೆ ಸೂಜಿಗೆ ದಾರ ಪೋಣಿಸುವುದೇ ಆಗಲಿಲ್ಲ. ಅವನು ಏಣಿ ಹತ್ತಿ ಗೆರೆ ಎಳೆದರೆ ದಾರ ಕಟ್ಟಿ ಎಳೆದಂತೆ ನೇರ. ಕೆಳಗೆ ಬಣ್ಣದ ಡಬ್ಬ ಹಿಡಿದ ಅವಳ ಕೈಯಿಂದ ಬಣ್ಣ ತುಳುಕಿ ಕಾಲ ಮೇಲೆ ಬೀಳುತ್ತಿತ್ತು.

ಅವನು ನನ್ನ ಬಳಿ ಒಂದು ವರ್ಷ ಬಂದ. ಮೊದಲ ನಾಲ್ಕು ತಿಂಗಳು ಒಂದು ಮಾತೂ ಆಡಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ಇಬ್ಬರೂ ಕಿಟಕಿಯ ಕಡೆ ನೋಡುತ್ತ ಮುಕ್ಕಾಲು ಗಂಟೆ ಕೂತಿರುತ್ತಿದ್ದೆವು. ಆಮೇಲೆ ಒಂದು ಮಧ್ಯಾಹ್ನ ಬಾಯಿಬಿಟ್ಟ, ಬಿಟ್ಟವನು ನಿಲ್ಲಿಸಲಿಲ್ಲ. ಸತ್ತುಹೋದ ಮೊದಲ ಮಗುವಿನ ವಿಷಯ, ಅದನ್ನು ಅನಸೂಯಳ ಮುಂದೆ ಒಮ್ಮೆಯೂ ಎತ್ತದೆ ಇದ್ದ ವಿಷಯ. ಈ ಕೆಲಸದ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು: ಅವರು ಹೊರೆ ಇಳಿಸಲಿ, ನೀವು ಹೊರಬೇಡಿ. ನಾನು ಹೊರಲಿಲ್ಲ ಎಂದುಕೊಂಡಿದ್ದೆ. ಅನಸೂಯ ಏಳು ದಿನ ನಮ್ಮ ಮಂಚದಲ್ಲಿ ಮಲಗಿ ಎದ್ದಳು. ಮೂರು ತಿಂಗಳಲ್ಲಿ ಮೂರು ಸಲ ಲೋಟ ಹಿಡಿದಳು. ಸಾಹೇಬರು ನೂರು ಎಣಿಸಿದರು. ಅವಳ ಕೈ ಬಂಡೆಯ ಹಾಗಿತ್ತು. ಸಿಹಿ ಹಂಚಿದೆವು.

ಆ ಸಿಹಿ ಹಂಚುವ ಹೊತ್ತಿಗಾಗಲೇ ನನ್ನ ಕೈ ನಡುಗತೊಡಗಿ ಮೂರು ವಾರವಾಗಿತ್ತು.

ಮೊದಲ ದಿನ ಗಡ್ಡ ಹೆರೆಯುವಾಗ ಕೆನ್ನೆ ಕುಯ್ದುಕೊಂಡೆ. ಬಿ.ಪಿ. ಇರಬೇಕೆಂದುಕೊಂಡೆ. ಎರಡನೆಯ ದಿನ ಅಂಗಿಯ ಗುಂಡಿ ಹಾಕಲಾಗಲಿಲ್ಲ. ನಾಲ್ಕನೆಯ ದಿನ ಹೋಟೆಲಿನಲ್ಲಿ ಮಾಣಿ ನನ್ನ ಮುಂದೆ ಅರ್ಧ ಲೋಟ ಕಾಫಿ ಇಟ್ಟು ಹೋದ. ಊರಿಗೆ ನನಗಿಂತ ಮೊದಲೇ ಗೊತ್ತಾಗಿತ್ತು.

ಖಲಂದರ್ ಸಾಹೇಬರು ರಿಜಿಸ್ಟರಿನಿಂದ ತಲೆ ಎತ್ತದೆ ಕೇಳಿದರು. "ಯಾರು ಸಾರ್ ಅದು? ನಮಗೆಲ್ಲ ಹೇಳದೆ ಇಟ್ಕೊಂಡಿದೀರಾ?"

"ಸಕ್ಕರೆ ಕಾಯಿಲೆ ಇರಬೇಕು ಸಾಹೇಬ್ರೆ."

"ಇರ್ಬೇಕು, ಇರ್ಬೇಕು. ವಯಸ್ಸಿಗೆ ಬಂದ ಮೇಲೆ ಸಕ್ಕರೆ ಬರೋದೇ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಬೇಗ ಯಾರು ಅಂತ ತಿಳ್ಕೊಳ್ಳಿ ಸಾರ್. ಯಾರೇ ಆಗಲಿ ಕುಡೀತಾ ಇದಾರೆ ಅನ್ನೋದಂತೂ ಖರೆ" ಎಂದರು.

ತಿಳಿದುಕೊಳ್ಳಬೇಕಿತ್ತು. ಅದು ನನ್ನ ಉದ್ಯೋಗ. ಬೇರೆ ಯಾರ ಕೈ ನಡುಗಿದ್ದರೂ ಮಾರನೆಯ ದಿನವೇ ಅರ್ಜಿ ತೆಗೆದು ಎದುರಿಗೆ ಕೂರಿಸಿಕೊಳ್ಳುತ್ತಿದ್ದೆ. ನಾನು ತಿಳಿದುಕೊಳ್ಳಲಿಲ್ಲ. ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮಪ್ಪ ಕುಡಿಯುತ್ತಿದ್ದರು. ನಡುಕ ಹೋಗುತ್ತಿದ್ದದ್ದು ನನ್ನ ಅಕ್ಕ ಸುಭದ್ರೆಗೆ. ಅಮ್ಮನಿಗಲ್ಲ, ನನಗಲ್ಲ. ಅಕ್ಕ ಬೆಳಿಗ್ಗೆ ಜಡೆ ಹೆಣೆದುಕೊಳ್ಳಲಾರದೆ ಅಳುವಾಗ ನಾನು ಹೆಣೆಯುತ್ತಿದ್ದೆ, ನನ್ನ ಕೈ ಅಷ್ಟು ಸ್ಥಿರ. ಐದನೆಯ ತರಗತಿಯಲ್ಲಿ ದುಂಡಗಿನ ಅಕ್ಷರಕ್ಕೆ ಇಡೀ ಶಾಲೆಗೆ ಮೊದಲ ಬಹುಮಾನ ಬಂತು. ಒಂದು ಕಂಪಾಸು ಪೆಟ್ಟಿಗೆ. ತಂದು ಅಪ್ಪನಿಗೆ ತೋರಿಸಿದೆ. ಅವರು ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು, ನನ್ನ ಮುಖ ನೋಡಲಿಲ್ಲ. ಆ ಬಹುಮಾನದ ಅರ್ಥ ಏನೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಕ್ಕನಿಗೆ ನಾನೆಂದರೆ ಅಯ್ಯೋ ಅನಿಸುತ್ತಿತ್ತು. ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು.

ಅಂಥವನ ಕೈ ಐವತ್ತೊಂದನೆಯ ವಯಸ್ಸಿನಲ್ಲಿ ನಡುಗಿತು. ಒಂಟಿ ಮನುಷ್ಯ ನಾನು, ಅಮ್ಮ ತೀರಿಕೊಂಡು ಆರು ವರ್ಷ, ಅಕ್ಕ ಬೇರೆ ಊರಿನಲ್ಲಿ ಮೊಮ್ಮಕ್ಕಳ ಜೊತೆ. ಈ ಊರಿನಲ್ಲಿ ಎಲ್ಲೋ ಒಬ್ಬರು ಗ್ಲಾಸು ಎತ್ತುವಾಗ ಅವರ ಮನಸ್ಸಿನಲ್ಲಿ ಎಲ್ಲರಿಗಿಂತ ಹತ್ತಿರ ನಾನಿದ್ದೇನೆ ಎಂಬುದು ಆ ಸುಸ್ತು, ಆ ಓಕರಿಕೆಗಳ ನಡುವೆಯೂ ನನಗೆ ಹಿತವಾಗಿತ್ತು. ಹೇಳಲು ನಾಚಿಕೆಯಾಗುತ್ತದೆ. ಬೆಳಿಗ್ಗೆ ಹಾಸಿಗೆಯಲ್ಲೇ ಎರಡೂ ಕೈ ಎದುರಿಗೆ ಹಿಡಿದು ನೋಡುತ್ತಿದ್ದೆ. ಯಾರಿರಬಹುದು ಎಂದು ಒಬ್ಬೊಬ್ಬರನ್ನೇ ನೆನೆಯುತ್ತಿದ್ದೆ. ಕಾಲೇಜಿನಲ್ಲಿ ಜೊತೆಗಿದ್ದವರು, ಯಾವತ್ತೋ ಒಮ್ಮೆ ನಕ್ಕು ಮಾತಾಡಿಸಿದವರು. ಗೊತ್ತಾದರೆ ಅದನ್ನು ಬಿಡಿಸಬೇಕು. ಆದ್ದರಿಂದ ಗೊತ್ತು ಮಾಡಿಕೊಳ್ಳಲಿಲ್ಲ. ಹಾಗೆಯೇ ಎರಡು ತಿಂಗಳು ಕಳೆಯಿತು.

ಕೇಂದ್ರದ ಬೋರ್ಡು ಬಣ್ಣ ಹೋಗಿತ್ತು. ಸಾಹೇಬರು ತಿಪ್ಪೇಶನಿಗೆ ಹೇಳಿಕಳಿಸಿದರು. ಒಂದು ಬುಧವಾರ ಬೆಳಿಗ್ಗೆ ಅವನು ಏಣಿ ಹಾಕಿಕೊಂಡು ಬರೆಯತೊಡಗಿದ. ಸುತ್ತ ಟರ್ಪೆಂಟೈನ್ ವಾಸನೆ. ಹನ್ನೊಂದು ಗಂಟೆಗೆ ಕೆಳಗಿಳಿದು ವರಾಂಡದಲ್ಲಿ ಕೂತ. ಹೋಟೆಲಿನಿಂದ ಬಂದಿದ್ದ ಕಾಫಿಯನ್ನು ನಾನೇ ಎರಡು ಲೋಟಕ್ಕೆ ಬಗ್ಗಿಸಿ ಹೊರಗೆ ತಂದೆ. ಹೇಗಿದ್ದೀಯ ಎಂದೆ.

"ಚೆನ್ನಾಗಿದೀನಿ ಸಾರ್. ಅನಸೂಯನ ನೋಡ್ಬೇಕು ನೀವು. ಕೈ ಬಂಡೆ ಇದ್ದಂಗೈತೆ. ಮೊನ್ನೆ ಒಂದು ರೇಷ್ಮೆ ಸೀರೆಗೆ ಮಣಿ ಕುಚ್ಚು ಹಾಕವ್ಳೆ, ಒಂದು ಗಂಟೂ ಎಡವಟ್ಟಾಗಿಲ್ಲ."

ಹೇಳುತ್ತ ನನ್ನ ಕಡೆ ತಿರುಗಿದ. ಬಿಸಿಲು ಅವನ ಮುಖಕ್ಕೆ ಬಿದ್ದಿತ್ತು. ಕಣ್ಣಿನ ಬಿಳಿ ಅರಿಶಿನದ ನೀರಿನಂತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆ ಬಣ್ಣವನ್ನು ನಾನು ಎಷ್ಟು ಸಲ ನೋಡಿದ್ದೇನೋ. ನೋಡಿದ ಮೇಲೆ ಎಷ್ಟು ಜನರ ಮಣ್ಣಿಗೆ ಹೋಗಿದ್ದೇನೋ. ನನ್ನ ಕೈಯಲ್ಲಿದ್ದ ಲೋಟಗಳು ಒಂದಕ್ಕೊಂದು ತಗುಲಿ ಸದ್ದು ಮಾಡತೊಡಗಿದವು. ಕಾಫಿ ತುಳುಕಿ ಅವನ ಬ್ರಷ್ಷುಗಳ ಮೇಲೆ ಬಿತ್ತು. ಅವನು ಬ್ರಷ್ಷು ನೋಡಿದ, ನನ್ನ ಕೈ ನೋಡಿದ. ಬಹಳ ಹೊತ್ತು ನೋಡಿದ.

"ಯಾವಾಗಿಂದ ಸಾರ್?" ಎಂದ ಕೊನೆಗೆ.

"ಅದನ್ನ ನೀನು ಹೇಳಬೇಕು."

ಅವನು ಎದ್ದು ನನ್ನ ಕೈಯಿಂದ ಲೋಟಗಳನ್ನು ತೆಗೆದುಕೊಂಡು ಕಟ್ಟೆಯ ಮೇಲಿಟ್ಟ. ಅವನ ಕೈ ಎಷ್ಟು ಸ್ಥಿರವಾಗಿತ್ತೆಂದರೆ ಕಾಫಿಯ ಮೇಲಿನ ನೊರೆ ಕೂಡ ಅಲುಗಲಿಲ್ಲ.

"ಅವಳ ಎರಡನೇ ಪರೀಕ್ಷೆ ಮುಗಿದ ವಾರ" ಎಂದ. "ಸುಮ್ನೆ ಒಂದು ಸಲ ಅಂತ ಒಂದು ಕ್ವಾರ್ಟರ್ ಹಾಕ್ದೆ. ಬೆಳಿಗ್ಗೆ ಎದ್ದು ಕಳ್ಳನ ತರ ಅಡುಗೆಮನೆ ಕಡೆ ಇಣುಕ್ದೆ. ಸೂಜಿಗೆ ದಾರ ಪೋಣಿಸ್ತಾ ಕೂತಿದ್ಲು. ಒಂದೇ ಸಲಕ್ಕೆ ಹೋಯ್ತು ದಾರ. ಮಗನ ಹತ್ರ ಹೋಗಿ ಪುಸ್ತಕ ತೋರ್ಸು ಅಂದೆ, ಅಕ್ಷರ ನೆಟ್ಟಗಿದ್ವು. ನಮ್ಮವ್ವನ ಮನೆಗೂ ಹೋಗಿ ಬಂದೆ. ಯಾರ್ಗೂ ಹೋಗಿಲ್ಲ ಅಂದ್ಕೊಂಡೆ ಸಾರ್. ಯಾರ್ಗೂ ತೊಂದ್ರೆ ಇಲ್ದೇ ಇರೋ ಕುಡಿತ. ಈ ಊರಾಗೆ ಅಂಥದ್ದು ಯಾರಿಗ್ ಸಿಕ್ಕೈತೆ ಹೇಳಿ? ಸಿಕ್ಕಿದ್ ಮ್ಯಾಲೆ ಹೆಂಗ್ ಬಿಡ್ಲಿ?"

ಮೊದಲ ವಾರವೇ ನಾನು ಅರ್ಜಿ ತೆಗೆದಿದ್ದರೆ ಅವನ ಕಣ್ಣು ಇಷ್ಟು ಹಳದಿಯಾಗುತ್ತಿರಲಿಲ್ಲ. ಅವನು ಕುಡಿದ ಪ್ರತಿ ದಿನವೂ ನನ್ನ ಕೈಯೇ ನನಗೆ ವರದಿ ಒಪ್ಪಿಸಿತ್ತು. ನಾನು ಅದನ್ನು ಪ್ರೇಮಪತ್ರದ ಹಾಗೆ ಓದಿ ಮಡಿಚಿಟ್ಟುಕೊಂಡಿದ್ದೆ.

ಮಾರನೆಯ ದಿನ ನಮ್ಮ ಡಾಕ್ಟರು ಅವನ ಹೊಟ್ಟೆ ಒತ್ತಿ ನೋಡಿ, ರಕ್ತಪರೀಕ್ಷೆಯ ಚೀಟಿ ನನ್ನ ಕಡೆ ತಳ್ಳಿದರು. ಇವತ್ತೇ ನಿಲ್ಲಿಸಿದರೆ ಉಂಟು, ಇನ್ನಾರು ತಿಂಗಳು ಹೀಗೇ ಹೋದರೆ ಇಲ್ಲ ಎಂದರು. ಫೈಲು ಮತ್ತೆ ತೆರೆಯಬೇಕಾಯಿತು. ತೆರೆಯಲು ಎರಡನೆಯ ಸಾಲು ತುಂಬಬೇಕು, ಮನೆಯವರ ಸಹಿ ಬೇಕು. ಅಂದರೆ ಅನಸೂಯಳಿಗೆ ಹೇಳಬೇಕು. ಕುಡಿತದ ವಿಷಯವಲ್ಲ, ಹೆಸರಿನ ವಿಷಯ.

ಶನಿವಾರ ಅವರ ಮನೆಗೆ ಹೋದೆ. ಅನಸೂಯ ಕಿಟಕಿಯ ಪಕ್ಕ ಕೂತಿದ್ದಳು, ತೊಡೆಯ ಮೇಲೆ ನೇರಳೆ ಬಣ್ಣದ ಸೆರಗು, ತುಟಿಯಲ್ಲಿ ದಾರದ ತುದಿ. "ಬನ್ನಿ ಸಾರ್" ಎಂದು ಚಾಪೆ ಹಾಸಿ, ಮತ್ತೆ ಕೆಲಸಕ್ಕೆ ಕೂತಳು. ಎಳೆಗಳನ್ನು ಬೆರಳಿಗೆ ಸುತ್ತಿ, ಗಂಟು ಹಾಕಿ, ಕತ್ತರಿಸುವುದನ್ನು ನೋಡುತ್ತ ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅವಳು ತಲೆ ಎತ್ತಲಿಲ್ಲ.

"ಕುಡಿಯೋದು ಗೊತ್ತಿತ್ತು ಸಾರ್" ಎಂದಳು. "ಒಂದೇ ಹಾಸಿಗೇಲಿ ಮಲಗೋಳಿಗೆ ವಾಸ್ನೆ ಗೊತ್ತಾಗಲ್ವಾ? ಟರ್ಪೆಂಟೈನು, ಬಣ್ಣ ಅಂತ ನಿಮ್ಗೆಲ್ಲ ಹೇಳ್ಬೋದು."

"ಮತ್ತೆ ಮೂರನೇ ಪರೀಕ್ಷೆಗೆ ಬಂದು ಲೋಟ ಹಿಡಿದಿರಲ್ಲಮ್ಮ."

"ನಿಮ್ ಲೋಟ ಕೇಳೋದು ನನ್ ಕೈನ. ನನ್ ಕೈ ಸರಿಗಿತ್ತು." ಒಂದು ಗಂಟು ಬಿಗಿದಳು. "ಹದಿನಾಲ್ಕು ವರ್ಷ ಆದ್ಮೇಲೆ ನಿದ್ದೆ ಮಾಡಿದೀನಿ ಸಾರ್. ಎದ್ರೆ ತಲೆ ಹಗುರ. ಯಾರಿಗ್ ಹೋಯ್ತು ಅಂತ ಕೇಳೋಕೆ ಹೋಗ್ಲಿಲ್ಲ. ಕೇಳಿದ್ರೆ ವಾಪಸ್ ಬಂದ್ಬಿಡುತ್ತೆ ಅಂತ ಭಯ. ಯಾವಳೋ ಇರ್ಬೇಕು, ಇರ್ಲಿ, ಅವಳೂ ನಾಲ್ಕು ದಿನ ನಡುಗ್ಲಿ ಅಂದ್ಕೊಂಡಿದ್ದೆ."

ಆಗ ತಲೆ ಎತ್ತಿ ನನ್ನ ಮಡಿಲಲ್ಲಿದ್ದ ಕೈಗಳನ್ನು ನೋಡಿದಳು. "ನೀವು ಅಂತ ಅಂದ್ಕೊಂಡಿರ್ಲಿಲ್ಲ. ಅದೇನ್ ಸಾರ್ ಮಾತಾಡ್ತಿದ್ರಿ ಇಬ್ರೂ ಅಷ್ಟೊತ್ತು, ಬಾಗ್ಲು ಹಾಕ್ಕೊಂಡು?"

ಅದನ್ನು ನಾನು ಹೇಳುವಂತಿರಲಿಲ್ಲ. ಕೇಳಿದ್ದನ್ನು ಕೋಣೆಯಲ್ಲೇ ಬಿಡಬೇಕು. "ಅವನನ್ನೇ ಕೇಳಿ" ಎಂದೆ. "ನಾನು ಸುಮ್ಮನೆ ಕೂತು ಕೇಳಿದೆ ಅಷ್ಟೇ. ನನಗೆ ಅದಕ್ಕೆ ಸಂಬಳ ಕೊಡುತ್ತಾರೆ."

"ನನ್ ಮುಂದೆ ಅವ್ನು ಊಟಕ್ ಹಾಕು ಅನ್ನೋದ್ ಬಿಟ್ರೆ ಇನ್ನೊಂದ್ ಮಾತಿಲ್ಲ. ಆದ್ರೂ ನಡುಕ ನಂಗೇ ಬರ್ತಿತ್ತು. ಅದೊಂದಿತ್ತು ನಂಗೆ, ಬೆಳಿಗ್ಗೆ ಎದ್ರೆ." ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿಟ್ಟಳು. "ಈಗ ಅದನ್ನೂ ಕೊಟ್ಬಿಟ್ಟ."

ಕಾಗದಕ್ಕೆ ಸಹಿ ಹಾಕಿದಳು. ಅಕ್ಷರ ದುಂಡಗಿತ್ತು, ಸ್ಥಿರವಾಗಿತ್ತು. ನಡುಗುವವರ ಹೆಸರು ಎಂಬ ಸಾಲಿನ ಮುಂದೆ ನಾನು ಎಂ. ಜಯದೇವ ಎಂದು ಬರೆಯಲು ಹೋದೆ. ಅದು ಯಾರಿಗೂ ಓದಲು ಬಾರದ ಹಾಗೆ ಬಂತು. ಅವಳೇ ಪೆನ್ನು ಇಸಿದುಕೊಂಡು ಪಕ್ಕದಲ್ಲಿ ಬರೆದುಕೊಟ್ಟಳು.

ಸೋಮವಾರ ನನ್ನ ಕೇಂದ್ರದ ಮೂರನೆಯ ಮಂಚಕ್ಕೆ ನಾನೇ ದಾಖಲಾದೆ. ಸಾಹೇಬರು ರಿಜಿಸ್ಟರಿನಲ್ಲಿ ನಮೂದಿಸಿ, "ಊಟ ಸಪ್ಪೆ ಇರುತ್ತೆ ಸಾರ್, ನೀವೇ ಮಾಡಿದ ನಿಯಮ" ಎಂದರು. ತಿಪ್ಪೇಶ ಸ್ಟೂಲಿನ ಮೇಲೆ ಬಂದು ಕೂತ. ಆ ಏಳು ದಿನಗಳ ಬಗ್ಗೆ ಹೆಚ್ಚೇನೂ ಹೇಳಲಾರೆ. ಇಪ್ಪತ್ತೆರಡು ವರ್ಷ ನಾನು ಎಷ್ಟೋ ಹೆಂಗಸರ ತಲೆದಿಂಬಿನ ಬಳಿ ನಿಂತು ಇನ್ನು ಸ್ವಲ್ಪವೇ, ಇನ್ನು ಸ್ವಲ್ಪವೇ ಎಂದಿದ್ದೆ. ಅದು ಎಂಥ ಮಾತೆಂದು ಮೂರನೆಯ ದಿನ ತಿಳಿಯಿತು. ಗೋಡೆಯ ಮೇಲೆ ಇರುವೆಗಳು ಕಂಡವು, ಅವು ಇರಲಿಲ್ಲ. ಹಲ್ಲಿಗೆ ಹಲ್ಲು ಬಡಿಯುವ ಸದ್ದಿನಲ್ಲಿ ಅಕ್ಕ ಜಡೆ ಬಿಚ್ಚಿಕೊಂಡು ಅಳುತ್ತಿದ್ದಳು. ತಿಪ್ಪೇಶ ಮೂಸಂಬಿ ಸುಲಿಯಲಿಲ್ಲ. ನನ್ನ ಎರಡೂ ಮಣಿಕಟ್ಟು ಹಿಡಿದುಕೊಂಡು ಕೂತಿರುತ್ತಿದ್ದ. ಎದ್ದು ಹೋಗಲಿಲ್ಲ.

ಐದನೆಯ ದಿನ ಸ್ವಲ್ಪ ಪ್ರಜ್ಞೆ ಬಂದಾಗ ಅನಸೂಯ ಬಾಗಿಲ ಬಳಿ ಸೀರೆ ಹರಡಿಕೊಂಡು ಕೂತಿದ್ದಳು. ಯಾವಾಗ ಬಂದಿದ್ದಳೋ. ತಿಪ್ಪೇಶ ಅವಳಿಗೆ ಏನೋ ಹೇಳುತ್ತಿದ್ದ, ನನಗೆ ಹೇಳಿದ್ದ ಅದೇ ವಿಷಯ. ಆ ಮಗುವಿಗೆ ಇಡಬೇಕೆಂದುಕೊಂಡಿದ್ದ ಹೆಸರು ಅವನ ಬಾಯಿಂದ ಬಂತು. ಅನಸೂಯಳ ಕತ್ತರಿ ನಿಂತಿತು. ನಾನು ಗೋಡೆಯ ಕಡೆ ತಿರುಗಿಕೊಂಡು ನಿದ್ದೆ ಬಂದವನಂತೆ ಮಲಗಿದೆ. ಮಾಡಬಹುದಾದದ್ದು ಅಷ್ಟೇ ಇತ್ತು.

ಎಂಟನೆಯ ದಿನ ಸಾಹೇಬರು ನನ್ನ ಕೈಗೆ ಲೋಟ ಕೊಟ್ಟು ನೂರು ಎಣಿಸಿದರು. ಚೆಲ್ಲಲಿಲ್ಲ. ಮುಂದಿನ ತಿಂಗಳೂ ಚೆಲ್ಲಲಿಲ್ಲ. ಈ ಸಲ ನಾನು ತಿಪ್ಪೇಶನ ಕಣ್ಣನ್ನೂ ನೋಡಿದೆ. ಹಳದಿ ತಿಳಿಯಾಗುತ್ತಿತ್ತು. ಹೋಟೆಲಿನ ಮಾಣಿ ಮತ್ತೆ ನನಗೆ ತುಂಬಿದ ಲೋಟ ಇಡತೊಡಗಿದ. ಬೆಳಿಗ್ಗೆ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಳ್ಳುವಾಗ ಅವು ಇಷ್ಟು ಸುಲಭವಾಗಿ ಯಾಕೆ ಹೋಗುತ್ತವೆ ಅನಿಸುತ್ತಿತ್ತು.

ಮೂರನೆಯ ಪರೀಕ್ಷೆಗೆ ಹತ್ತು ದಿನ ಬಾಕಿ ಇದ್ದಾಗ, ಬೆಳಿಗ್ಗೆ ಕೇಂದ್ರದ ಬಾಗಿಲು ತೆರೆಯುವ ಹೊತ್ತಿಗೆ ಅನಸೂಯ ಬಂದಳು. ನನ್ನ ಎದುರಿನ ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಳು. ಬಳೆಗಳು ಮೇಜಿಗೆ ತಗುಲಿ ಸಣ್ಣಗೆ ಸದ್ದು ಮಾಡುತ್ತಿದ್ದವು.

"ನೆನ್ನೆ ಒಂದೇ ದಿನ ಕುಡ್ದ ಸಾರ್" ಎಂದಳು. "ಮಗು ಹೋದ ದಿನ ಇತ್ತು."

ಅವಳ ಕಣ್ಣು ಊದಿತ್ತು, ಹಣೆಯಲ್ಲಿ ಬೆವರು. ಮತ್ತೆ ಏಳು ದಿನ ಮಲಗಬೇಕಾಗುತ್ತದೆ, ಒಪ್ಪಿಕೊಂಡ ಸೀರೆಗಳನ್ನೆಲ್ಲ ವಾಪಸು ಕಳಿಸಬೇಕಾಗುತ್ತದೆ. ಅದೆಲ್ಲ ಅವಳ ಮುಖದಲ್ಲಿತ್ತು. ಇನ್ನೂ ಏನೋ ಇತ್ತು. ಅದಕ್ಕೆ ನನ್ನ ಬಳಿ ಹೆಸರಿಲ್ಲ. ಅಕ್ಕನ ಮುಖದಲ್ಲಿ ಅದನ್ನು ನಾನು ಚಿಕ್ಕಂದಿನಲ್ಲಿ ದಿನಾ ನೋಡುತ್ತಿದ್ದೆ.

"ಅವನೆಲ್ಲಿ?" ಎಂದೆ.

"ಹೊರಗಡೆ ಸ್ಟೂಲ್ ಹುಡುಕ್ತಾವ್ನೆ. ಅವ್ನೇ ಕರ್ಕೊಂಡ್ ಬಂದಿದ್ದು. ಬೆಳಿಗ್ಗೆ ಎದ್ದವ್ನೇ ನನ್ ಕೈ ನೋಡ್ದ. ಅಲ್ಲೇ ಕೂತು ಅತ್ತ. ಆಮೇಲೆ ನಡಿ ಅಂದ."

ಕುಡಿದವನೇ ನಡುಗುವವರನ್ನು ಕೈ ಹಿಡಿದು ಕರೆತಂದದ್ದು ನಾನು ಬಂದ ಮೇಲೆ ಇದೇ ಮೊದಲು. ಸಾಹೇಬರಿಗೆ ಮೂರನೆಯ ಮಂಚಕ್ಕೆ ಹೊಸ ಚಾದರ ಹಾಸಲು ಹೇಳಿದೆ. ಹಳೆಯ ಫೈಲು ತೆಗೆದು, ಎರಡನೆಯ ಸಾಲಿನಲ್ಲಿ ನನ್ನ ಹೆಸರನ್ನು ಗೆರೆಯೆಳೆದು ಹೊಡೆದು, ಅದರ ಮೇಲೆ ಅನಸೂಯ ಎಂದು ಬರೆದೆ. ಗೆರೆ ನೇರವಾಗಿ ಬಂತು. ನೀರು ಬೇಕು ಎಂದಳು. ಹೂಜಿಯಿಂದ ಲೋಟಕ್ಕೆ ಅಂಚಿನವರೆಗೆ ತುಂಬಿಬಿಟ್ಟೆ. ಆಮೇಲೆ ನೆನಪಾಗಿ ಅರ್ಧವನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ ಅವಳಿಗೆ ಕೊಟ್ಟೆ. ಮೇಜಿನ ಮೇಲೆ ಒಂದು ಹನಿಯೂ ಬೀಳಲಿಲ್ಲ.